ಹಿಂಡು ಬಿಟ್ಟ ಆನೆಗೆ ಯಾರು ದಿಕ್ಕು? ತಿಲಾರಿ, ಪೆರ್ನೆಂ ಮತ್ತು ನಾಂದಣಿಯ ಪ್ರಸಂಗಗಳ ಕುರಿತು ಒಂದು ಚರ್ಚೆ

ಕೋಥ್ರೂಡ್ ನಿವಾಸಿ, ಪುಣೆ

2025ರಲ್ಲಿ ಮಹಾರಾಷ್ಟ್ರದ ದಕ್ಷಿಣ ತುದಿಯ ಎರಡು ಆನೆಗಳು ದೊಡ್ಡ ಸುದ್ದಿಯಾದವು. ಒಂದು, ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದಲ್ಲಿ 1992ರಿಂದ ಇದ್ದ ಮಹಾದೇವಿ. ಮುಂಬಯಿ ಉಚ್ಚ ನ್ಯಾಯಾಲಯ ಜುಲೈ 16ರಂದು ಕೊಟ್ಟ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದ ಮೇಲೆ ಅದನ್ನು ಗುಜರಾತಿನ ಜಾಮ್‌ನಗರದ ಆನೆ ಆರೈಕೆ ಕೇಂದ್ರಕ್ಕೆ ಸಾಗಿಸಲಾಯಿತು. ಇನ್ನೊಂದು, ಸಿಂಧುದುರ್ಗದ ದೋಡಾಮಾರ್ಗ ತಾಲ್ಲೂಕಿನ ತಿಲಾರಿ ಕಣಿವೆಯ ಕಡೆಯಿಂದ ಸೆಪ್ಟೆಂಬರ್‌ನಲ್ಲಿ ಗೋವಾದ ಪೆರ್ನೆಂಗೆ ಇಳಿದ, ಜನ ಓಂಕಾರ್ ಎಂದು ಕರೆಯುವ ಎಳೆಯ ಸಲಗ.

ಈ ಎರಡು ಪ್ರಸಂಗಗಳ ಬಗ್ಗೆ ನಮ್ಮ ಮರಾಠಿ ನೆರೆಹೊರೆಯವರೂ ನಮ್ಮ ಕನ್ನಡ ಬಳಗದವರೂ ಆಡಿದ ಮಾತುಗಳನ್ನು ತಿಂಗಳುಗಟ್ಟಲೆ ಕೇಳುತ್ತ ಬಂದಿದ್ದೇನೆ. ಆನೆ ಯಾರದು, ಅದನ್ನು ಯಾರು ಸಾಕಬೇಕು, ಎಲ್ಲಿಗೆ ಅಟ್ಟಬೇಕು, ಹಾನಿಗೆ ಯಾರು ಹೊಣೆ ಎಂಬಲ್ಲಿಗೆ ಎಲ್ಲ ವಾದಗಳೂ ನಿಂತವು. ಆನೆಗೂ ಒಂದು ಬಳಗವಿರುತ್ತದೆ, ಆ ಬಳಗದಿಂದ ಬೇರೆಯಾದ ಆನೆ ಅರ್ಧ ಆನೆ ಎಂಬ ವಿಚಾರ ಯಾರ ಮಾತಿನಲ್ಲೂ ಬರಲಿಲ್ಲ. ಮನುಷ್ಯರಿಂದ ಆನೆಗೆ ಒದಗುವ ಅಪಾಯವೆಂದರೆ ಗುಂಡು, ವಿಷ, ವಿದ್ಯುತ್ ತಂತಿ, ರೈಲು ಎಂದು ನಾವು ತಿಳಿದಿದ್ದೇವೆ, ಹಾಗಾಗಿ ಸಾವುಗಳನ್ನು ಮಾತ್ರ ಎಣಿಸುತ್ತೇವೆ. ಒಂದನ್ನು ಕೊಂದಾಗ ಅಥವಾ ಹಿಡಿದೊಯ್ದಾಗ ಉಳಿದವುಗಳ ನಡುವಿನ ಸಂಬಂಧಕ್ಕೆ ಬೀಳುವ ಪೆಟ್ಟು ಯಾವ ಸರ್ಕಾರಿ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಹಾನಿ.

ಇದು ಭಾವುಕತೆಯ ಮಾತಲ್ಲವೆಂದು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ತಾಂಜಾನಿಯದ ತರಂಗಿರೆ ಉದ್ಯಾನದಲ್ಲಿ 1993ರಲ್ಲಿ ಭೀಕರ ಬರ ಬಿತ್ತು. ಅದಕ್ಕೂ ಮೊದಲಿನ ದಂತಚೋರರ ಹಾವಳಿಯಲ್ಲಿ ಅಲ್ಲಿಯ ಎಷ್ಟೋ ಹಿಂಡುಗಳು ತಮ್ಮ ಹಿರಿಯ ಹೆಣ್ಣಾನೆಗಳನ್ನು ಕಳೆದುಕೊಂಡಿದ್ದವು. ವಯಸ್ಸಾದ ಹೆಣ್ಣುಗಳು ಉಳಿದಿದ್ದ ಹಿಂಡುಗಳು ಉದ್ಯಾನವನ್ನು ಬಿಟ್ಟು ನೀರು ಮೇವು ಇರುವಲ್ಲಿಗೆ ಹೊರಟುಹೋದವು, ಅವುಗಳ ಮರಿಗಳು ಹೆಚ್ಚಾಗಿ ಉಳಿದುಕೊಂಡವು. ಎಳೆಯ ತಾಯಂದಿರೇ ಇದ್ದ ಹಿಂಡು ಅಲ್ಲೇ ಉಳಿಯಿತು, ಅಲ್ಲಿ ಮರಿಗಳು ಹೆಚ್ಚು ಸತ್ತವು. ಆ ಸೀಮೆಯಲ್ಲಿ ಅದಕ್ಕೆ ಮೊದಲು ಅಂಥ ಬರ ಬಿದ್ದದ್ದು ಸುಮಾರು ಮೂವತ್ತೈದು ವರ್ಷ ಹಿಂದೆ, 1958ರಿಂದ 1961ರ ನಡುವೆ. ಅದನ್ನು ಕಂಡಿದ್ದ ಆನೆಗಳು ಯಾವ ಹಿಂಡಿನಲ್ಲಿ ಬದುಕಿದ್ದವೋ ಆ ಹಿಂಡಿಗೆ ದಾರಿ ಗೊತ್ತಿತ್ತು ಎಂಬುದು ಸಂಶೋಧಕರ ಊಹೆ. ದಂತಕ್ಕಾಗಿ ಕೊಂದವನು ಒಂದು ಆನೆಯನ್ನು ಕೊಂದ ಎಂದು ನಾವು ಬರೆದುಕೊಳ್ಳುತ್ತೇವೆ. ಅವನು ಕೊಂದದ್ದರಲ್ಲಿ ಹತ್ತಿಪ್ಪತ್ತು ವರ್ಷಗಳ ಅನಂತರ ಹುಟ್ಟಲಿದ್ದ ಮರಿಗಳೂ ಸೇರಿದ್ದವು.

ಮುಂಬಯಿ, ಪುಣೆ, ಗೋವಾಗಳಲ್ಲಿರುವ ನಮ್ಮಲ್ಲಿ ಹಲವರ ಊರು ಆನೆ ಇರುವ ಸೀಮೆಯಲ್ಲೇ ಇದೆ. ತಿಳಿದವರು, ಅನುಭವಿಸಿದವರು ಬರೆಯಬೇಕೆಂದು ವಿನಂತಿ.

ಪೊವಾಯಿಯ ಓದುಗ, ಮುಂಬಯಿ

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಕಂಡದ್ದನ್ನು ನಮ್ಮ ಕಾಡಿಗೆ ಹಾಗೆಯೇ ಅನ್ವಯಿಸಿದರೆ ಎಡವುತ್ತೇವೆ. ಆಫ್ರಿಕಾದಲ್ಲಿ ಹಿರಿಯ ಹೆಣ್ಣಾನೆಯ ನಾಯಕತ್ವ ಎದ್ದು ಕಾಣುತ್ತದೆ. ಏಷ್ಯಾದ ಆನೆಗಳ ಬಾಳ್ವೆ ಅದಕ್ಕಿಂತ ಸಡಿಲ, ಹೊರಗಿನ ಕಣ್ಣಿಗೆ ಬೇಗ ಗೋಚರಿಸದಂಥದ್ದು.

ಇದಕ್ಕೆ ನಮ್ಮ ಕಬಿನಿಯೇ ಒಳ್ಳೆಯ ಪಾಠಶಾಲೆ. 1971ರಲ್ಲಿ ಕೊನೆಯ ಖೆಡ್ಡಾ (ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ) ನಡೆದ ಕಾಕನಕೋಟೆಯ ಕಾಡಿನ ಬಹುಭಾಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಅದೇ ನೆಲದ ಮೇಲೆ ಹಸಿರು ಹುಲ್ಲು ಏಳುತ್ತದೆ, ನಾಗರಹೊಳೆ ಮತ್ತು ಬಂಡೀಪುರ ಎರಡೂ ಕಡೆಯ ಆನೆಗಳು ಅಲ್ಲಿ ಸೇರುತ್ತವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಮತ್ತು ಅವರ ತಂಡ 2009ರಿಂದ ಅಲ್ಲಿಯ ಆನೆಗಳನ್ನು ಕಿವಿಯ ಅಂಚಿನ ಹರುಕು, ಬಾಲದ ಕೂದಲು, ದಂತದ ಬಾಗು ನೋಡಿ ಒಂದೊಂದಾಗಿ ಗುರುತಿಸಿ ದಾಖಲಿಸುತ್ತ ಬಂದಿದೆ. ಅವರು ಕಂಡದ್ದೇನೆಂದರೆ, ಹೆಣ್ಣಾನೆಗಳು ದೊಡ್ಡ ಕುಲಗಳಲ್ಲಿ ಬದುಕುತ್ತವೆ, ಆದರೆ ಇಡೀ ಕುಲ ಒಟ್ಟಾಗಿ ಕಾಣಸಿಗುವುದು ಅಪರೂಪ. ಯಾವುದೇ ಹೊತ್ತಿನಲ್ಲಿ ನೋಡಿದರೂ ಎರಡು ಮೂರು ದೊಡ್ಡ ಹೆಣ್ಣುಗಳು ತಮ್ಮ ಮರಿಗಳೊಂದಿಗೆ ಇರುತ್ತವೆ. ನಾಳೆ ಆ ಗುಂಪು ಒಡೆದು ಬೇರೆ ಜೋಡಣೆಯಾಗುತ್ತದೆ, ಕುಲ ಮಾತ್ರ ಬದಲಾಗುವುದಿಲ್ಲ. ಬೇರೆ ಕುಲದವು ಎದುರಾದರೆ ಹುಲ್ಲಿಗಾಗಿ ಅಟ್ಟಾಡಿಸುವುದೂ ಉಂಟು.

ಇದರಿಂದ ನಮಗೆ ತಿಳಿಯಬೇಕಾದದ್ದು ಬಹಳವಿದೆ. ಊರ ಅಂಚಿನಲ್ಲಿ ಮೂರು ಆನೆ ಕಂಡವರು ಅದು ಮೂರೇ ಆನೆಯ ಹಿಂಡು ಎಂದು ತಿಳಿದು ಪಟಾಕಿ ಹೊಡೆದು ಒಂದು ದಿಕ್ಕಿಗೆ ಓಡಿಸುತ್ತಾರೆ. ಉಳಿದವು ಎರಡು ಗುಡ್ಡಗಳಾಚೆ ಇರಬಹುದು. ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಅವು ಮೈಲುಗಟ್ಟಲೆ ದೂರದಿಂದ ಒಂದನ್ನೊಂದು ಕರೆಯುತ್ತವೆ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ಅದುರನ್ನು ಗುರುತಿಸಿ, ಧ್ವನಿಮುದ್ರಿಸಿ, ಆಮೇಲೆ ಅದು ಆನೆಗಳ ಕೂಗೆಂದು ತೋರಿಸಿಕೊಟ್ಟರು.

ಇನ್ನು ಓಂಕಾರ್. ಗಂಡುಮರಿ ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ತಾಯಿಯ ಹಿಂಡನ್ನು ಬಿಡುವುದು ಪ್ರಕೃತಿ ಸಹಜ. ಅದನ್ನು ಅನಾಥ ಎಂದು ಕರೆಯುವುದು ಅರ್ಧ ಸತ್ಯ. ಹಾಗೆ ಹೊರಬಿದ್ದ ಗಂಡು ಒಂಟಿಯಾಗಿಯೇ ಇರುತ್ತದೆ ಎಂಬ ನಮ್ಮ ಒಂಟಿಸಲಗದ ಕಲ್ಪನೆಯೂ ಪೂರ್ತಿ ನಿಜವಲ್ಲ. ದಕ್ಷಿಣ ಭಾರತದ ಗಂಡಾನೆಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊಲಗದ್ದೆಗಳ ನಡುವೆ ಓಡಾಡುವ ಎಳೆಯ ಗಂಡುಗಳು ದೊಡ್ಡ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಒಟ್ಟಿಗೆ ಉಳಿಯುತ್ತವೆ. ದಟ್ಟ ಕಾಡಿನಲ್ಲಿ ಈ ಅಭ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮನುಷ್ಯರ ನಡುವೆ ಬದುಕುವ ಅಪಾಯವನ್ನು ಎದುರಿಸಲು ಅವು ಗೆಳೆತನವನ್ನೇ ಉಪಾಯವಾಗಿ ಮಾಡಿಕೊಂಡಂತಿದೆ.

ಹಾಗಾಗಿ ತಿಲಾರಿಯ ಎಳೆಯ ಸಲಗ ಹಿಂಡು ಬಿಟ್ಟದ್ದಕ್ಕಿಂತ ನನ್ನನ್ನು ಕಾಡುವ ಸಂಗತಿ ಬೇರೆ. ಅದು ಹೋಗಿ ಸೇರಿಕೊಳ್ಳಲು, ನೋಡಿ ಕಲಿಯಲು ಆ ಸೀಮೆಯಲ್ಲಿ ಹಿರಿಯ ಗಂಡಾನೆಗಳು ಎಷ್ಟಿವೆ?

ಚಂದಗಡ ಸೀಮೆಯವ, ಈಗ ಪಿಂಪ್ರಿ

ಮೇಲಿನ ಇಬ್ಬರೂ ತಿಳಿದವರು, ಗೌರವದಿಂದಲೇ ಓದಿದೆ. ಆದರೆ ಆನೆಯ ಸಂಸಾರದ ಬಗ್ಗೆ ಇಷ್ಟು ಬರೆದವರು ಆನೆ ನುಗ್ಗಿದ ಸಂಸಾರದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ನಮ್ಮ ತಾಲ್ಲೂಕಿಗೆ 2002ರ ಸುಮಾರಿಗೆ ಆನೆಗಳು ಬಂದವು. ಅದಕ್ಕೆ ಮೊದಲು ನಮ್ಮ ಅಜ್ಜಂದಿರ ಕಾಲದಲ್ಲಿ ಆನೆಯೆಂದರೆ ದೇವಸ್ಥಾನದ ಆನೆ, ಸರ್ಕಸ್ಸಿನ ಆನೆ. ದಾಂಡೇಲಿ, ಖಾನಾಪುರದ ಕಾಡುಗಳಿಂದ ಘಟ್ಟದ ನೆತ್ತಿಯ ಗುಂಟ ಬಂದು, ಕೆಲವು ಚಂದಗಡ, ಆಜರಾದ ಕಡೆ ಉಳಿದವು, ಕೆಲವು ತಿಲಾರಿಯ ಕಣಿವೆಗೆ ಇಳಿದವು. ಹಾಸನ ಕೊಡಗಿನವರಿಗೆ ತಲೆಮಾರುಗಳಿಂದ ಆನೆಯ ಪರಿಚಯವಿದೆ. ನಮಗೆ ಏನೂ ಗೊತ್ತಿರಲಿಲ್ಲ, ಜನ ದೊಂದಿ ಹಿಡಿದು ಹತ್ತಿರ ಹೋಗುತ್ತಿದ್ದರು.

ಆನೆ ಕಬ್ಬು ತಿನ್ನುವ ರೀತಿಯನ್ನು ನೋಡಿದವರಿಗೆ ಅದರ ಬುದ್ಧಿಯ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಡ್ಡೆಯ ಬುಡಕ್ಕೆ ಮುಂಗಾಲಿನ ಉಗುರಿನಿಂದ ಒದ್ದು ಸಡಿಲಿಸುತ್ತದೆ, ಸೊಂಡಿಲಿನಿಂದ ಹಿಡಿಗಟ್ಟಲೆ ಕಿತ್ತು ಬೇರಿನ ಮಣ್ಣು ಉದುರುವ ತನಕ ಮುಂಗಾಲಿಗೆ ಬಡಿಯುತ್ತದೆ, ಅನಂತರ ರಸ ತುಂಬಿದ ನಡುಭಾಗವನ್ನು ತಿಂದು ಗರಿಯನ್ನು ಎಸೆಯುತ್ತದೆ. ತಿಂದದ್ದು ಒಂದು ಪಾಲು, ತುಳಿದದ್ದು ಮೂರು ಪಾಲು. ಬೆಳಿಗ್ಗೆ ಹೋಗಿ ನೋಡಿದರೆ ರೋಡ್ ರೋಲರ್ ಓಡಾಡಿದ ಹಾಗೆ ಕಾಣುತ್ತದೆ. ಕಬ್ಬಾದರೆ ಮುಂದಿನ ವರ್ಷ ಕೂಳೆ ಬರುತ್ತದೆ. ತೆಂಗಿನ ಮರವನ್ನು ಹಣೆಯಿಂದ ಒತ್ತಿ ಉರುಳಿಸಿ ಅದರ ಸುಳಿ ತಿಂದರೆ ಹತ್ತು ವರ್ಷದ ದುಡಿಮೆ ಹೋಯಿತು. ಪರಿಹಾರಕ್ಕೆಂದು ಅರ್ಜಿ ಹಾಕಿದ ನನ್ನ ಅಣ್ಣನಿಗೆ ಒಂದು ಕಚೇರಿಯಲ್ಲಿ ಫೋಟೋ ಸರಿಯಿಲ್ಲ ಎಂದರು, ಇನ್ನೊಮ್ಮೆ ಪಹಣಿಯ ಹೆಸರು ಹೊಂದುವುದಿಲ್ಲ ಎಂದರು. ದುಡ್ಡು ಬರುವ ಹೊತ್ತಿಗೆ ಆತ ಆ ಹೊಲದಲ್ಲಿ ಕಬ್ಬು ಹಾಕುವುದನ್ನೇ ಬಿಟ್ಟಿದ್ದ.

2025ರ ಏಪ್ರಿಲ್‌ನಲ್ಲಿ ದೋಡಾಮಾರ್ಗದ ಮೋರ್ಲೆಯಲ್ಲಿ ಗೋಡಂಬಿ ತೋಟಕ್ಕೆ ಹೊರಟಿದ್ದ ವಯಸ್ಸಾದ ರೈತರೊಬ್ಬರನ್ನು ಆನೆ ಕೊಂದಿತು. ಅವರ ಮನೆಯಲ್ಲಿಯೂ ಒಬ್ಬ ಹಿರಿಯರು ಇಲ್ಲವಾದರು.

ಮಾಪುಸಾ ಕನ್ನಡಿಗ, ಗೋವಾ

ಪೆರ್ನೆಂನಲ್ಲಿ ಆನೆ ಬಂದ ದಿನಗಳಲ್ಲಿ ನಾನು ಕೆಲಸದ ನಿಮಿತ್ತ ಮೋಪಾದ ಕಡೆ ಓಡಾಡುತ್ತಿದ್ದೆ. ಚಂದಗಡದವರು ಹೇಳಿದಂತೆ ಗೊತ್ತಿಲ್ಲದವರ ಧೈರ್ಯವೇ ಅಲ್ಲಿ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಆನೆಗೆ ಹಿಂದೆ ಸರಿಯಲು ಒಂದೇ ದಾರಿ ಇರುವಾಗ ಆ ದಾರಿಯಲ್ಲೇ ಸ್ಕೂಟರುಗಳನ್ನು ನಿಲ್ಲಿಸಿಕೊಂಡು ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಅದು ಕಿವಿಯನ್ನು ಅಗಲಿಸಿ, ಬೀಸುವುದನ್ನು ನಿಲ್ಲಿಸಿ, ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡು ನಿಂತಿತು. ಮಲೆನಾಡಿನ ಯಾವ ಮಗುವಾದರೂ ಆ ನಿಲುವು ಕಂಡರೆ ಓಡುತ್ತಿತ್ತು. ಇಲ್ಲಿಯವರು ಫೋಟೋ ಚೆನ್ನಾಗಿ ಬಂತು ಎಂದರು.

ಪಶುವೈದ್ಯೆ, ಠಾಣೆ

ನಾನು ಕಾಡಾನೆಯ ತಜ್ಞೆಯಲ್ಲ. ಸಾಕಿದ ಆನೆಗಳ ಕಾಲುಗಳನ್ನು ನೋಡಿದವಳು, ಆದ್ದರಿಂದ ಮಹಾದೇವಿಯ ವಿಷಯಕ್ಕೆ ಬರುತ್ತೇನೆ.

ಆನೆ ಹೊರನೋಟಕ್ಕೆ ಕಂಬದಂಥ ಕಾಲಿನ ಪ್ರಾಣಿ. ಒಳಗೆ ನೋಡಿದರೆ ಅದು ಬೆರಳುಗಳ ಮೇಲೆ ನಿಂತಿದೆ, ಹಿಮ್ಮಡಿಯ ಜಾಗದಲ್ಲಿ ಕೊಬ್ಬು ಮತ್ತು ನಾರಿನ ದಪ್ಪ ಮೆತ್ತೆಯಿದೆ. ಕಾಡಿನಲ್ಲಿ ದಿನವಿಡೀ ನಡೆದು ಅಂಗಾಲೂ ಉಗುರೂ ತಾನಾಗಿ ಸವೆಯುತ್ತವೆ. ಸಿಮೆಂಟು ನೆಲದ ಮೇಲೆ, ಅದೂ ತನ್ನದೇ ಮೂತ್ರದ ತೇವದಲ್ಲಿ, ಗಂಟೆಗಟ್ಟಲೆ ನಿಂತ ಆನೆಯ ಉಗುರು ಬೆಳೆದು ಸೀಳುತ್ತದೆ, ಉಗುರಿನ ಬುಡದ ಚರ್ಮ ಒಡೆಯುತ್ತದೆ, ಆ ಬಿರುಕಿನಲ್ಲಿ ಕೀವಾಗಿ ಕೊನೆಗೆ ಬೆರಳಿನ ಮೂಳೆಯನ್ನೇ ಮುಟ್ಟುತ್ತದೆ. ಕಾಲು ಎತ್ತಿಸಿ ಅಂಗಾಲಿನ ಸೀಳಿಗೆ ಔಷಧಿ ನೀರು ಹಾಯಿಸುವಾಗ ಬರುವ ವಾಸನೆಯನ್ನು ಒಮ್ಮೆ ಕುಡಿದವರು ಮೆರವಣಿಗೆಯ ಆನೆಯನ್ನು ಮತ್ತೆ ಅದೇ ಕಣ್ಣಿನಿಂದ ನೋಡಲಾರರು. ಮಹಾದೇವಿಯ ಪ್ರಕರಣದಲ್ಲಿಯೂ ಕಾಲಿನ ಕೊಳೆತ ಮತ್ತು ಸಂಧಿವಾತದ ವರದಿಗಳು ನ್ಯಾಯಾಲಯದ ಮುಂದಿದ್ದವು.

ಕಾಲಿಗಿಂತ ನನಗೆ ಮುಖ್ಯವೆನಿಸುವುದು ತಲೆಯಾಡಿಸುವಿಕೆ. ಒಂದೇ ಜಾಗದಲ್ಲಿ ನಿಂತು ತಲೆಯನ್ನು ಮೇಲೆ ಕೆಳಗೆ, ಮೈಯನ್ನು ಎಡಕ್ಕೆ ಬಲಕ್ಕೆ ತೂಗುವ ಆನೆಯನ್ನು ಕಂಡು ಭಕ್ತರು ಭಜನೆಗೆ ಕುಣಿಯುತ್ತಿದೆ ಎನ್ನುತ್ತಾರೆ. ಕಾಡಾನೆಗಳಲ್ಲಿ ಈ ಚೇಷ್ಟೆ ಇಲ್ಲ. ಒಂಟಿತನದ, ಮಾಡಲು ಏನೂ ಇಲ್ಲದಿರುವಿಕೆಯ ಲಕ್ಷಣವಿದು. ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲಿ ಮೃಗಾಲಯದ ಆನೆಗಳನ್ನೆಲ್ಲ ಶಿಬಿರಗಳಿಗೆ ಕಳುಹಿಸಬೇಕೆಂದು ಆದೇಶಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ನಮ್ಮ ಭಾಯ್‌ಖಳಾದ ರಾಣಿಬಾಗ್‌ನಲ್ಲಿ ದಶಕಗಳ ಕಾಲ ಇದ್ದ ಲಕ್ಷ್ಮಿ, ಅನಾರ್ಕಲಿಯರಿಗೆ ಕೊನೆಯ ಪಕ್ಷ ಒಬ್ಬರಿಗೊಬ್ಬರ ಜೊತೆಯಿತ್ತು. ನಾಂದಣಿಯ ಆನೆಗೆ ಅದೂ ಇರಲಿಲ್ಲ.

ಸಾಂಗ್ಲಿ ಮೂಲ, ಹಡಪ್ಸರ್

ವೈದ್ಯರ ಮಾತಿಗೆ ಎದುರು ನುಡಿಯುವಷ್ಟು ವಿದ್ಯೆ ನನ್ನಲ್ಲಿಲ್ಲ. ಆದರೂ ನಾಂದಣಿ ಮಠಕ್ಕೆ ನಡೆದುಕೊಳ್ಳುವ ಮನೆಯವನಾಗಿ ಒಂದೆರಡು ಮಾತು ಹೇಳಲೇಬೇಕು. ಮಹಾದೇವಿ ನಮಗೆ ಪ್ರದರ್ಶನದ ವಸ್ತುವಾಗಿರಲಿಲ್ಲ. ಆ ಭಾಗದ ನೂರಾರು ಹಳ್ಳಿಗಳ ಪಂಚಕಲ್ಯಾಣ ಪೂಜೆಗಳಲ್ಲಿ ಅವಳು ಮುಂದಿರುತ್ತಿದ್ದಳು. ನನ್ನ ಅಕ್ಕಂದಿರು ಬಾಳೆಹಣ್ಣು ಹಿಡಿದು ಅವಳೊಂದಿಗೆ ಮಾತನಾಡುತ್ತಲೇ ದೊಡ್ಡವರಾದರು. ಅವಳನ್ನು ಕರೆದೊಯ್ದಾಗ ಹೆಂಗಸರು ಅತ್ತದ್ದು ನಾಟಕವಲ್ಲ, ಆಗಸ್ಟ್‌ನಲ್ಲಿ ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದವರೆಗೆ ಮೌನವಾಗಿ ನಡೆದದ್ದೂ ನಾಟಕವಲ್ಲ. ಅಹಿಂಸೆಯನ್ನೇ ಧರ್ಮವೆಂದು ನಂಬಿದವರನ್ನು ಪ್ರಾಣಿಹಿಂಸಕರೆಂದು ಕರೆದದ್ದು ನಮಗೆ ತುಂಬ ನೋವು ತಂದಿದೆ.

ಇಲ್ಲಿ ಎಲ್ಲರೂ ಆನೆಯ ಬಳಗ ಎನ್ನುತ್ತಿದ್ದೀರಿ. ಮೂರು ವರ್ಷದ ಮರಿಯಾಗಿ ಬಂದವಳಿಗೆ ಮೂವತ್ಮೂರು ವರ್ಷ ಕಂಡದ್ದು ನಮ್ಮ ಮುಖಗಳೇ ಅಲ್ಲವೇ? ಹಾಗಾದರೆ ನಾವು ಅವಳ ಬಳಗವಾಗಲಿಲ್ಲವೇ?

ಪಶುವೈದ್ಯೆ, ಠಾಣೆ

ನಿಮ್ಮ ಪ್ರಶ್ನೆ ಈ ಚರ್ಚೆಯಲ್ಲೇ ಕಠಿಣವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವ ಮನಸ್ಸು ನನಗಿಲ್ಲ. ಆನೆಗೂ ಮಾವುತನಿಗೂ ನಡುವೆ ಬೆಳೆಯುವ ನಂಟು ನಿಜವಾದದ್ದು. ಮಾವುತ ಸತ್ತ ಮೇಲೆ ಮೇವು ಬಿಟ್ಟ ಆನೆಗಳ ವಿಷಯ ನಾವೆಲ್ಲ ಕೇಳಿದ್ದೇವೆ.

ಆದರೂ ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಮೂರು ವರ್ಷದ ಮರಿ ಕಾಡಿನಲ್ಲಿ ಸಾಮಾನ್ಯವಾಗಿ ತಾಯಿಯ ಹಾಲನ್ನು ಪೂರ್ತಿ ಬಿಟ್ಟಿರುವುದಿಲ್ಲ. ಅದರ ಸುತ್ತ ತಾಯಿಯಲ್ಲದೆ ಚಿಕ್ಕಮ್ಮ, ಅಕ್ಕಂದಿರೂ ಇರುತ್ತಾರೆ, ಅವು ಅದನ್ನು ಕೆಸರಿನಿಂದ ಎತ್ತುತ್ತವೆ, ನಡುವೆ ಹಾಕಿಕೊಂಡು ನಡೆಯುತ್ತವೆ. ಎರಡನೆಯದು, ಆನೆಗಳು ಪರಸ್ಪರ ಸಮಾಧಾನ ಮಾಡುವ ಬಗೆ. ಥಾಯ್ಲೆಂಡಿನ ಶಿಬಿರವೊಂದರ ಆನೆಗಳ ಮೇಲೆ ಜೋಶುವಾ ಪ್ಲಾಟ್ನಿಕ್ ಮತ್ತು ಫ್ರಾನ್ಸ್ ಡಿ ವಾಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಆನೆ ಬೆದರಿ ಕಿವಿ ನಿಗುರಿಸಿ ಬಾಲ ಎತ್ತಿದೊಡನೆ ಪಕ್ಕದ್ದು ಬಳಿ ಬಂದು ಸೊಂಡಿಲಿನಿಂದ ಅದರ ಮುಖವನ್ನು ಮುಟ್ಟುವುದು, ಸೊಂಡಿಲಿನ ತುದಿಯನ್ನು ಅದರ ಬಾಯೊಳಗೆ ಇಡುವುದು ಮತ್ತೆ ಮತ್ತೆ ಕಂಡುಬಂದಿತು. ಬಾಯೊಳಗೆ ಸೊಂಡಿಲು ಇಡುವುದೆಂದರೆ ಕಚ್ಚಿಸಿಕೊಳ್ಳುವ ಅಪಾಯಕ್ಕೆ ತನ್ನನ್ನು ಒಡ್ಡಿಕೊಂಡು ನಂಬಿಕೆ ತೋರುವುದು. ಬಾಳೆಹಣ್ಣು ಕೊಡುವ ಕೈಗೆ ಎಷ್ಟೇ ಪ್ರೀತಿಯಿದ್ದರೂ ಅದು ಈ ಮಾತನ್ನು ಆಡಲಾರದು. ರಾತ್ರಿ ಭಕ್ತರೆಲ್ಲ ಮನೆಗೆ ಹೋದ ಮೇಲೆ ಅವಳ ಬಳಿ ನಿಲ್ಲುವವರು ಯಾರಿದ್ದರು?

ಕೊಲ್ಹಾಪುರದ ಜೋತಿಬಾ ದೇವಸ್ಥಾನದ ಸುಂದರ್ ಎಂಬ ಆನೆಯನ್ನು 2014ರಲ್ಲಿ ನಮ್ಮ ಬನ್ನೇರುಘಟ್ಟಕ್ಕೆ ತಂದಾಗಲೂ ವಿರೋಧವಿತ್ತು. ಅದು ಅಲ್ಲಿ ಬೇರೆ ಆನೆಗಳ ಜೊತೆ ಸೇರಿತು. ಮಠದ ಬಳಿಯಲ್ಲೇ ಆನೆಗಳಿಗೊಂದು ಆರೈಕೆ ಕೇಂದ್ರ ಕಟ್ಟುವ ಮಾತು ಈಗ ಬಂದಿದೆಯಲ್ಲ, ಅದು ಆಗುವುದಾದರೆ ಅಲ್ಲಿ ಒಂದೇ ಆನೆ ಇರಬಾರದು ಎಂಬುದನ್ನು ನಿಮ್ಮವರೇ ಒತ್ತಾಯಿಸಿ ಎಂದು ಕೇಳಿಕೊಳ್ಳುತ್ತೇನೆ.

ಮಾಟುಂಗಾದ ಹಳಬ, ಮುಂಬಯಿ

ಎಲ್ಲ ಓದಿದೆ. ನಂಟು, ನಂಬಿಕೆ, ದುಃಖ ಎಂಬ ಮಾತುಗಳನ್ನು ಇಷ್ಟು ಧಾರಾಳವಾಗಿ ಪ್ರಾಣಿಗಳಿಗೆ ಹಚ್ಚುವುದರ ಬಗ್ಗೆ ನನಗೆ ಅನುಮಾನವಿದೆ. ಅದಿರಲಿ, ಕರ್ನಾಟಕದಲ್ಲಿ ಆನೆಗಳ ಸಂಖ್ಯೆ ಕುಸಿದಿಲ್ಲವಲ್ಲ? 2017ರಲ್ಲಿ 6,049, 2023ರಲ್ಲಿ 6,395. ಸಂಖ್ಯೆ ಸ್ಥಿರವಾಗಿರುವಾಗ ಇಷ್ಟು ಆತಂಕವೇಕೆ?

ಕೋಥ್ರೂಡ್ ನಿವಾಸಿ, ಪುಣೆ

2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜಿನಲ್ಲಿ ದೇಶಕ್ಕೆ 22,446, ಕರ್ನಾಟಕಕ್ಕೆ 6,013 ಎಂದಿದೆ. ವಿಧಾನವೇ ಬೇರೆಯಾದ್ದರಿಂದ ಇದನ್ನು ಹಿಂದಿನ ಎಣಿಕೆಯ ಪಕ್ಕದಲ್ಲಿಟ್ಟು ಏರಿತು ಇಳಿಯಿತು ಎನ್ನುವಂತಿಲ್ಲ. ಕರ್ನಾಟಕ ಈಗಲೂ ಮೊದಲ ಸ್ಥಾನದಲ್ಲಿದೆ ಎಂಬುದು ನಿಜ.

ಆದರೆ ತಲೆ ಎಣಿಕೆ ಏನನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಕೇರಳದ ಪೆರಿಯಾರ್ ಕಾಡು ಸಾಕ್ಷಿ. ನಮ್ಮ ಆನೆಗಳಲ್ಲಿ ದಂತವಿರುವುದು ಗಂಡಿಗೆ ಮಾತ್ರ. 1970ರಿಂದ 90ರ ದಶಕಗಳ ದಂತಚೋರರು ಗಂಡುಗಳನ್ನೇ ಆರಿಸಿ ಕೊಂದದ್ದರಿಂದ ಅಲ್ಲಿ ಒಂದು ದೊಡ್ಡ ಗಂಡಿಗೆ ನೂರರಷ್ಟು ಹೆಣ್ಣುಗಳು ಎಂಬ ಸ್ಥಿತಿ ಬಂದಿತ್ತು. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಅಲ್ಲಿ ಆನೆಗಳು ಬೇಕಾದಷ್ಟಿದ್ದವು.

ಹಿರಿಯ ಗಂಡುಗಳು ಎಷ್ಟಿವೆ ಎಂದು ಪೊವಾಯಿಯವರು ಕೇಳಿದ್ದರು. ಅವು ಇಲ್ಲದಿದ್ದರೆ ಏನಾಗುತ್ತದೆ? ದಕ್ಷಿಣ ಆಫ್ರಿಕಾದ ಪಿಲಾನ್ಸ್‌ಬರ್ಗ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಕ್ರೂಗರ್ ಉದ್ಯಾನದಲ್ಲಿ ಸಂಖ್ಯೆ ತಗ್ಗಿಸಲು ದೊಡ್ಡ ಆನೆಗಳನ್ನು ಗುಂಡಿಕ್ಕಿ ಕೊಂದು, ಅನಾಥ ಮರಿಗಳನ್ನು ಮಾತ್ರ ಅಲ್ಲಿಗೆ ಸಾಗಿಸಿದ್ದರು. ಆ ಗಂಡುಮರಿಗಳು ಪ್ರಾಯಕ್ಕೆ ಬಂದಾಗ ಅಕಾಲದಲ್ಲಿ ಮದವೇರಿ, 1992ರಿಂದ 1997ರವರೆಗೆ ನಲವತ್ತಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟ ಮೇಲೆ ಎಳೆಯವುಗಳ ಮದ ಇಳಿಯಿತು, ಕೊಲೆಗಳೂ ನಿಂತವು. ಪುಂಡಾನೆ ಎಂದು ನಾವು ಹಣೆಪಟ್ಟಿ ಹಚ್ಚುವ ಎಷ್ಟು ಸಲಗಗಳಿಗೆ ಬುದ್ಧಿ ಹೇಳುವ ಹಿರಿಯರನ್ನು ನಾವೇ ಮೊದಲು ಕೊಂದಿದ್ದೇವೋ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ.

ದುಃಖ ಎಂಬ ಪದದ ಬಗ್ಗೆ ನಿಮ್ಮ ಎಚ್ಚರ ಒಪ್ಪುವಂಥದ್ದೇ. ಕಂಡದ್ದನ್ನು ಮಾತ್ರ ಹೇಳುತ್ತೇನೆ. ಉತ್ತರ ಬಂಗಾಳದ ಚಹಾ ತೋಟಗಳಲ್ಲಿ ಒಂದು ವರ್ಷದೊಳಗಿನ ಐದು ಮರಿಗಳ ಹೆಣಗಳು ನೀರು ಹರಿಯುವ ಕಾಲುವೆಗಳಲ್ಲಿ ಸಿಕ್ಕ ವರದಿ 2024ರಲ್ಲಿ ಪ್ರಕಟವಾಯಿತು. ಮರಿಗಳು ಬೆನ್ನು ಕೆಳಗಾಗಿ, ಕಾಲು ಮೇಲಾಗಿ ಮಣ್ಣಿನಲ್ಲಿ ಹೂತಿದ್ದವು. ಬೆನ್ನಿನ ಮೇಲಿನ ಗುರುತುಗಳು ಹೆಣವನ್ನು ದೂರದಿಂದ ಎಳೆದು ತಂದದ್ದನ್ನು ತೋರುತ್ತಿದ್ದವು. ಹಿಂಡು ಸುತ್ತ ನಿಂತು ಘೀಳಿಟ್ಟು ಹೋಗಿತ್ತು, ಆ ಮೇಲೆ ಆ ದಾರಿಯನ್ನೇ ತಪ್ಪಿಸಿ ಬೇರೆ ದಾರಿ ಹಿಡಿಯುತ್ತಿತ್ತು. ಇದಕ್ಕೆ ನೀವು ಯಾವ ಹೆಸರನ್ನಾದರೂ ಇಡಿ.

ಸಕಲೇಶಪುರ ಮೂಲ, ಡೊಂಬಿವ್ಲಿ

ಹಾಸನದ ಅನುಭವವನ್ನು ದಾಖಲಿಸುತ್ತೇನೆ, ತಿಲಾರಿಯವರಿಗೆ ಪ್ರಯೋಜನವಾಗಬಹುದು.

ಕರ್ನಾಟಕ ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ, ಆನೆ ತಜ್ಞ ರಾಮನ್ ಸುಕುಮಾರ್ ಅವರ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಇನ್ನು ನೆಮ್ಮದಿ ಎಂದು ನಮ್ಮ ಊರಿನವರು ನಿಟ್ಟುಸಿರು ಬಿಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಕಾಫಿ ತೋಟಗಳಲ್ಲಿ ಬೇರೆ ಆನೆಗಳು ಕಾಣಿಸಿಕೊಂಡವು. ತೋಟದಲ್ಲಿ ನೆರಳಿದೆ, ಹಲಸಿದೆ, ವರ್ಷವಿಡೀ ಕೆರೆಯಲ್ಲಿ ನೀರಿದೆ. ಜಾಗ ಖಾಲಿಯಾದರೆ ಬೇರೆಯವು ಬರುತ್ತವೆ.

2023ರ ಡಿಸೆಂಬರ್ 4ರಂದು ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸತ್ತ. ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಕಾಡಿನಲ್ಲಿ ಹುಟ್ಟಿದ ಆನೆಯನ್ನು ಹಿಡಿದು ಪಳಗಿಸಿ, ಅದೇ ಜಾತಿಯ ಇನ್ನೊಂದನ್ನು ಹಿಡಿಯಲು ಕಳುಹಿಸಿ, ಎದುರು ಬಂದ ಸಲಗದೊಂದಿಗೆ ಒಬ್ಬಂಟಿಯಾಗಿ ಕಾದಾಡಿ ಸಾಯುವಂತೆ ಮಾಡಿದ್ದನ್ನು ನಾನು ಇಂದಿಗೂ ಜೀರ್ಣಿಸಿಕೊಂಡಿಲ್ಲ.

ವಿದ್ಯುತ್ ಬಗ್ಗೆಯೂ ಹೇಳಬೇಕು, ಏಕೆಂದರೆ ಬೇಲಿ ಎಂದರೆ ಎಲ್ಲವೂ ಒಂದೇ ಎಂದು ನಗರದಲ್ಲಿರುವವರು ಭಾವಿಸುತ್ತಾರೆ. ಸರಿಯಾದ ಸೌರ ಬೇಲಿ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಆನೆ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಜಾಣ ಆನೆ ಆ ತಂತಿಯನ್ನು ವಿದ್ಯುತ್ ಹರಿಯದ ತನ್ನ ದಂತದಿಂದ ಕಿತ್ತುಹಾಕುವುದೂ ಉಂಟು. ಕೊಲ್ಲುವುದು ಕಂಬದಿಂದ ನೇರವಾಗಿ ಕೊಕ್ಕೆ ಹಾಕಿ ಹೊಲದ ಸುತ್ತ ಎಳೆದ ತಂತಿ ಮತ್ತು ಜೋತುಬಿದ್ದ ಹೈಟೆನ್ಷನ್ ಲೈನ್. ಬಿದ್ದ ಮರಿಯನ್ನು ಎಬ್ಬಿಸಲು ಬಂದ ತಾಯಿಯೂ ಅದೇ ತಂತಿಗೆ ತಗಲುತ್ತದೆ. ಹಿಂಡಿನ ಗುಣವೇ ಅಲ್ಲಿ ಅದಕ್ಕೆ ಮುಳುವಾಗುತ್ತದೆ.

ಚಂದಗಡ ಸೀಮೆಯವ, ಈಗ ಪಿಂಪ್ರಿ

ಹಾಗಾದರೆ ನಮ್ಮ ಊರಿನವರು ಮಾಡಬೇಕಾದದ್ದೇನು? ಹಿಡಿದು ಸಾಗಿಸುವುದೂ ಬೇಡ ಎನ್ನುತ್ತೀರಿ. ಸಿಂಧುದುರ್ಗದ ಮಾಣಗಾಂವ್ ಕಣಿವೆಯಲ್ಲಿ 2015ರಲ್ಲಿ ಕರ್ನಾಟಕದ ಸಾಕಾನೆಗಳನ್ನು ತರಿಸಿ ಮೂರು ಆನೆಗಳನ್ನು ಹಿಡಿದಿದ್ದರು, ಹಿಡಿದವುಗಳಲ್ಲಿ ಎಲ್ಲವೂ ಬಂಧನದಲ್ಲಿ ಬದುಕಿ ಉಳಿಯಲಿಲ್ಲ ಎಂಬುದು ನನಗೂ ಗೊತ್ತು. ಆದರೆ ನನ್ನ ಅಣ್ಣನಿಗೆ ಆಫ್ರಿಕಾದ ಕಥೆ ಹೇಳಿ ಸಮಾಧಾನ ಮಾಡಲಾರೆ.

ಪೊವಾಯಿಯ ಓದುಗ, ಮುಂಬಯಿ

ದೂರ ಸಾಗಿಸುವುದರ ಫಲವನ್ನು ಶ್ರೀಲಂಕಾದಲ್ಲಿ ಅಳೆದು ನೋಡಿದ್ದಾರೆ. ತಂಟೆಕೋರವೆಂದು ಗುರುತಿಸಿದ 12 ಗಂಡಾನೆಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಉದ್ಯಾನಗಳಿಗೆ ಬಿಟ್ಟು ಹಿಂಬಾಲಿಸಿದ ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕೆಲವು ನೇರವಾಗಿ ಹಳೆಯ ಜಾಗಕ್ಕೆ ಮರಳಿದವು, ಕೆಲವು ದಿಕ್ಕಿಲ್ಲದೆ ಅಲೆದವು, ಕೆಲವು ಬಿಟ್ಟ ಕಡೆಯ ಹಳ್ಳಿಗಳ ಬಳಿಯೇ ನೆಲೆಸಿ ಅಲ್ಲಿ ಹೊಸ ಜಗಳ ಶುರುಮಾಡಿದವು. ಒಟ್ಟಾರೆ ಸಂಘರ್ಷವೂ ಹೆಚ್ಚಿತು, ಆನೆಗಳ ಸಾವೂ ಹೆಚ್ಚಿತು.

ಕೆಲಸ ಮಾಡಿದ ಉಪಾಯವೊಂದನ್ನು ಹೇಳುತ್ತೇನೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಸಂಜೆ, ರಾತ್ರಿ ನಡೆದು ಹೋಗುವಾಗ ಆನೆ ಇದೆಯೆಂದು ತಿಳಿಯದೆ ಎದುರು ಸಿಕ್ಕವರು. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆಗಳು ಇರುವ ಜಾಗವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ, ಎತ್ತರದ ಕಂಬಗಳ ಮೇಲೆ ಕೆಂಪು ದೀಪ ಹೊತ್ತಿಸುವ ವ್ಯವಸ್ಥೆ ಮಾಡಿದ ಮೇಲೆ ಸಾವುಗಳು ಗಮನಾರ್ಹವಾಗಿ ಇಳಿದವು. ದೀಪವನ್ನು ಊರಿನವರೇ ಮೊಬೈಲಿನಿಂದ ಹೊತ್ತಿಸಬಲ್ಲರು. ಹಾಸನದಲ್ಲಿಯೂ ಇದೇ ಮಾದರಿ ಬಂದಿದೆ. ಬೆಳೆಹಾನಿಗೆ ಇದು ಔಷಧವಲ್ಲ, ಅದಕ್ಕೆ ಶೀಘ್ರ ಪರಿಹಾರವೇ ಬೇಕು. ಜೀವ ಉಳಿಸಲು ಮಾತ್ರ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.

ಸಕಲೇಶಪುರ ಮೂಲ, ಡೊಂಬಿವ್ಲಿ

ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಸಂದೇಶ ಬರುವಾಗ ಬರೀ ಆನೆ ಎಂದು ಬರುವುದಿಲ್ಲ, ಇಂಥ ಗುಂಪು ಇಂಥ ತೋಟದಲ್ಲಿದೆ ಎಂದು ಬರುತ್ತದೆ. ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು ಎಂದು ಕೂಲಿಯವರೂ ಹೆಸರಿನಿಂದಲೇ ಗುರುತಿಸುತ್ತಾರೆ. ಮರಿಯಿರುವ ಗುಂಪಾದರೆ ಎಷ್ಟು ದೂರ ಇರಬೇಕು, ಯಾವ ಸಲಗ ಸುಮ್ಮನೆ ದಾಟಿಹೋಗುತ್ತದೆ, ಯಾವುದಕ್ಕೆ ಮದ ಬಂದಿದೆ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ತಿಲಾರಿ ಚಂದಗಡದ ಕಡೆ ಇರುವ ಆನೆಗಳು ಬೆರಳೆಣಿಕೆಯಷ್ಟೇ ಆದ್ದರಿಂದ ಅಲ್ಲಿ ಇದು ಇನ್ನೂ ಸುಲಭ.

ಚಂದಗಡ ಸೀಮೆಯವ, ಈಗ ಪಿಂಪ್ರಿ

ಹೆಸರುಗಳು ನಮ್ಮಲ್ಲೂ ಇವೆ. ದೀಪದ ವಿಷಯವನ್ನು ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಇಡುತ್ತೇನೆ. ಹಾಸನದ ಕಡೆ ಆ ದೀಪಗಳನ್ನು ನೋಡಿಕೊಳ್ಳುವವರು ಅರಣ್ಯ ಇಲಾಖೆಯವರೋ, ಊರಿನವರೋ, ಕೆಟ್ಟರೆ ರಿಪೇರಿಯ ಖರ್ಚು ಯಾರದು ಎಂಬುದನ್ನು ಡೊಂಬಿವ್ಲಿಯವರು ವಿಚಾರಿಸಿ ತಿಳಿಸಿದರೆ ಉಪಕಾರವಾಗುತ್ತದೆ. ಸಭೆಯಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ.